ಗುಡಾಣದ ಗಜನಿಂಬೆ

ತಲಕಾಡಿನ ನಮ್ಮ ದೊಡ್ಡಮ್ಮ ಗುರುಬಸಮ್ಮನಿಗೆ ಹಣ್ಣು ಕೆಡದಂತೆ ಇಡುವುದರಲ್ಲಿ ಇದ್ದ ಜಂಬ ಇಷ್ಟಿಷ್ಟಲ್ಲ. ಹಿತ್ತಲ ಗಜನಿಂಬೆಯನ್ನು ತೊಟ್ಟು ಉಳಿಸಿ ಕತ್ತರಿಸಬೇಕು, ನೀರು ಸೋಕಿಸಬಾರದು, ಮಣ್ಣಿನ ಗುಡಾಣದಲ್ಲಿ ಒಣಮರಳು ಹಾಸಿ ಒಂದಕ್ಕೊಂದು ತಾಗದ ಹಾಗೆ ಹೂಳಬೇಕು. ಉಗುರು ತಾಗಿದ ಹಣ್ಣನ್ನೂ ಅವಳು ಒಳಗೆ ಸೇರಿಸುತ್ತಿರಲಿಲ್ಲ. ಫ್ರಿಜ್ಜಿನ ಮಾತೆತ್ತಿದರೆ, "ಕರೆಂಟ್ ಓದ್ರೆ ನಿನ್ ಫ್ರಿಜ್ಜು ಸತ್ತೋಯ್ತದೆ. ನನ್ ಮರಳು ಸಾಯ್ತದಾ?" ಎನ್ನುವಳು.

ದೊಡ್ಡಪ್ಪ ಶಂಭುಲಿಂಗಪ್ಪನಿಗೆ ಮರೆವಿನ ರೋಗ ಬಂತು. ಹೆಂಡತಿಯ ಹೆಸರು ಉಳಿಯಿತು, ಮುಖ ಮರೆತುಹೋಯಿತು. "ನಾನೇ ಗುರುಬಸಿ ಕಣಿ" ಎಂದರೆ ಹೆದರಿ ಗೋಡೆಗೆ ಸರಿಯುತ್ತಿದ್ದ. "ದೂರ ಓಗವ್ವ, ನಮ್ ಗುರುಬಸಿ ನೋಡುದ್ರೆ ಬಯ್ತಾಳೆ" ಎಂದು ಅನ್ನದ ತಟ್ಟೆಯನ್ನೂ ತಳ್ಳುತ್ತಿದ್ದ. ನಾವೆಲ್ಲ ನಕ್ಕೆವು. ದೊಡ್ಡಮ್ಮ ನಗಲಿಲ್ಲ.

ಆದರೆ ಗಜನಿಂಬೆಯ ಸಿಪ್ಪೆ ಗೀರಿ ಮೂಗಿಗೆ ಹಿಡಿದರೆ ಸಾಕು, "ಬಂದ್ಯಾ ಗುರುಬಸಿ? ಎಲ್ಲೋಗಿದ್ದೆ ಇಷ್ಟೊತ್ತು?" ಎಂದು ಅವಳ ಕೈ ಹಿಡಿದುಕೊಳ್ಳುತ್ತಿದ್ದ. ಘಮ ಆರುವವರೆಗೆ ಅವಳು ಅವನ ಹೆಂಡತಿ. ಅಂಗಡಿಯ ನಿಂಬೆಯನ್ನೂ ಹಿಡಿದು ನೋಡಿದೆವು, ಪ್ರಯೋಜನವಾಗಲಿಲ್ಲ. ಹಿತ್ತಲದ್ದು ಮದುವೆಯಾದ ವರ್ಷ ಇಬ್ಬರೂ ಸೇರಿ ನೆಟ್ಟ ಗಿಡ. ಕಳೆದ ವರ್ಷ ಬೇರು ಕೊಳೆತು ಒಣಗಿಹೋಯಿತು. ಸಾಯುವ ಮುಂಚೆ ಬಿಟ್ಟ ಹಣ್ಣಷ್ಟೇ ಗುಡಾಣದಲ್ಲಿ ಉಳಿದದ್ದು.

ಹಾಗಿರುವಾಗ ಪಕ್ಕದ ಮನೆಯ ರುದ್ರಾಣಿ, ಊರ ಅಮ್ಮನವರ ಗುಡಿಯಿಂದ ಪ್ರಸಾದದ ನಿಂಬೆಹಣ್ಣು ತಂದಳು. "ಅಮ್ಮನ ಕೊರಳಲ್ಲಿದ್ದ ಆರದ್ದು ಕಣಕ್ಕ. ನಿಮ್ಮ ಅಣ್ಣಿನ ಜೊತೇಲೇ ಇಡಿ, ಬಾವ ಉಸಾರಾಯ್ತಾರೆ."

ಹಾರದ ಹಣ್ಣೆಂದರೆ ಸೂಜಿ ತೂರಿದ ಹಣ್ಣು. ದೊಡ್ಡಮ್ಮನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ದೇವರ ಹಣ್ಣನ್ನು ತೂತಿನ ಹಣ್ಣು ಎನ್ನಲು ಬಾಯಿ ಬರಲಿಲ್ಲ. ಗಂಡ ಹುಷಾರಾಗುತ್ತಾನೆ ಎಂಬ ಆಸೆ ಬೇರೆ. ಕಣ್ಣಿಗೊತ್ತಿಕೊಂಡು ಮರಳಲ್ಲಿ ಹೂತಳು. ನನಗೆ ಸಿಟ್ಟಿರುವುದು ರುದ್ರಾಣಿಯ ಮೇಲಲ್ಲ, ಗುಡಿಯ ಆ ಅಮ್ಮನ ಮೇಲೇ.

ಮುಂದಿನ ಸಲ ಕೆದಕಿದಾಗ ಮುಗ್ಗಲು ವಾಸನೆ. ತೂತಿನಿಂದ ರಸ ಸೋರಿ ಮರಳು ಒದ್ದೆಯಾಗಿ, ಹಸಿರು ಬೂಷ್ಟು ಎಲ್ಲ ಹಣ್ಣಿಗೂ ಹಬ್ಬಿತ್ತು. ದೊಡ್ಡಮ್ಮ ಗುಡಾಣವನ್ನು ಅಂಗಳಕ್ಕೆ ಸುರಿದು, ಮೊಣಕಾಲೂರಿ ಹುಡುಕಿದಳು. ಗಟ್ಟಿಯಾದದ್ದು ಒಂದೂ ಸಿಗಲಿಲ್ಲ. ಇದ್ದುದರಲ್ಲೇ ಒಂದನ್ನು ಸೆರಗಿನಲ್ಲಿ ಒರೆಸಿ ಗಂಡನ ಮೂಗಿಗೆ ಹಿಡಿದಳು. ದೊಡ್ಡಪ್ಪ ಮುಖ ಕಿವುಚಿ ಆಚೆ ತಿರುಗಿದ.

"ಯಾರವ್ವ ನೀನು?"

ಅವಳು ಎದ್ದು ಹೋಗಿ ಕೈ ತೊಳೆದು ಬಂದಳು. ಅನ್ನ ಕಲಸಿ ತುತ್ತು ಹಿಡಿದಳು. ನಾನು ಬಾಗಿಲಲ್ಲೇ ನಿಂತಿದ್ದೆ.

"ಪಕ್ಕದ್ ಮನೆಯೋಳು ಕಣಿ. ನಿಮ್ ಗುರುಬಸಮ್ಮ ಊಟ ಮಾಡ್ಸು ಅಂತ ಏಳೋಗವ್ಳೆ."

ದೊಡ್ಡಪ್ಪ ಬಾಯಿ ತೆರೆದ.