ಕರೆಂಟ್ ಬರುವವರೆಗೆ

ರಾಜಾಜಿನಗರದ ಆ ಕಿವಿ-ಮೂಗಿನ ಡಾಕ್ಟರು ಧಾರವಾಡದ ಕಡೆಯವರು. ಯಾರು ಕುರ್ಚಿಯಲ್ಲಿ ಕುಳಿತರೂ ಮೊದಲು ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, "ಬಾಯಿಲೇ ಉಸಿರಾಡ್ರಿ, ಉಳಿದದ್ದು ನಂದು" ಎನ್ನುತ್ತಿದ್ದರು.

ಎಪ್ಪತ್ತರ ದಶಕ. ನಾನು ವಿಜಯನಗರದ ಶಾಲೆಯೊಂದರಲ್ಲಿ ಹೊಸ ಟೀಚರ್. ಪಾಠ ಮಾಡುತ್ತಿರುವಾಗಲೇ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಔಷಧಿಗೆ ನಿಲ್ಲದಿದ್ದಾಗ, ರಕ್ತ ಒಸರುವ ಜಾಗವನ್ನು ಕರೆಂಟಿನಿಂದ ಕಾಯುವ ತಂತಿಯಲ್ಲಿ ಸುಡಬೇಕೆಂದರು ಅವರು.

"ಅಯ್ಯೋ, ಮದುವೆಯಾಗೋ ಹುಡುಗಿ ಮೂಗು ಸುಡ್ತೀರಾ ಡಾಕ್ಟ್ರೇ?" ಅಮ್ಮ ಗಾಬರಿಯಾದರು.

ಡಾಕ್ಟರು ತಂತಿಯ ಸಣ್ಣ ತುದಿ ತೋರಿಸಿದರು. "ಮೂಗಲ್ಲ ತಾಯಿ, ಒಳಗ ಸಾಸಿವಿಕಾಳಿನಷ್ಟು ಜಾಗಾ."

ಮೂಗು ಮರಗಟ್ಟಿಸಿ ಇನ್ನೇನು ತಂತಿ ಮುಟ್ಟಿಸಬೇಕು, ಕರೆಂಟ್ ಹೋಯಿತು. ಆಗಲೇ ರಕ್ತವೂ ಸುರಿಯತೊಡಗಿತು. ಅವರು ಹತ್ತಿ ಇಟ್ಟು ನನ್ನ ಮೂಗನ್ನು ಬೆರಳುಗಳಿಂದ ಒತ್ತಿ ಹಿಡಿದರು. ಬಹಳ ಹೊತ್ತು ಕರೆಂಟ್ ಬರಲಿಲ್ಲ.

"ಕೊಡಿ ಸಾರ್, ನಾನು ಹಿಡ್ಕೋತೀನಿ. ನಿಮ್ಮ ಕೈ ನೋಯುತ್ತೆ" ಎಂದರು ನರ್ಸ್.

"ಬ್ಯಾಡ, ಜಾಗಾ ತಪ್ಪಿದ್ರ ಮತ್ತ ಹರೀತೈತಿ."

ಹಾಗೇ ಬಗ್ಗಿ ನಿಂತು, ನನ್ನ ಹೆದರಿಕೆ ಮರೆಸಲು ತರಗತಿಯ ಮಕ್ಕಳ ತುಂಟಾಟ ಕೇಳತೊಡಗಿದರು. ಮೂಗು ಒತ್ತಿ ಹಿಡಿದಿದ್ದರಿಂದ ಗೊಣಗೊಣ ಎಂದು ಹೊರಟ ನನ್ನ ಉತ್ತರಕ್ಕೆ ಅಮ್ಮ ಕೂಡ ನಕ್ಕುಬಿಟ್ಟರು.

ಕೊನೆಗೆ ಕರೆಂಟ್ ಬಂತು. ಚುಂಯ್ ಎಂಬ ಸದ್ದು, ಒಂದಿಷ್ಟು ಸುಟ್ಟ ವಾಸನೆ. ರಕ್ತ ನಿಂತಿತು.

ಕಲೆ ಕಾಣಬಾರದೆಂದು ಆವರೆಗೆ ನಾನು ಕಡುಬಣ್ಣದ ಸೀರೆಗಳನ್ನೇ ಉಡುತ್ತಿದ್ದೆ. ಗಾಯ ಮಾಗಿದ ಮೇಲೆ ಒಂದು ಸೋಮವಾರ, ಅಚ್ಚ ಬಿಳಿ ಸೀರೆ ಉಟ್ಟು ಶಾಲೆಗೆ ಹೋದೆ.