ಭಾವನ ಗೊರಕೆ

ನಮ್ಮ ಭಾವನಿಗೆ ಗಿರಾಕಿಗಳು ಇಟ್ಟ ಹೆಸರು ಗುಡಾಣ. ಆ ಹೊಟ್ಟೆ ಹೊತ್ತು ಕುರ್ಚಿಯ ಸುತ್ತ ತಿರುಗಿ ಕತ್ತರಿ ಆಡಿಸುವುದನ್ನು ನೋಡಿದರೆ ಯಾರಿಗಾದರೂ ನಗು ಬರಬೇಕು. ನನಗೆ ಮಾತ್ರ ಈಚೆಗೆ ಬರುತ್ತಿರಲಿಲ್ಲ. ನಮ್ಮ ಕ್ಷೌರದಂಗಡಿಯಲ್ಲಿ ಎರಡನೆಯ ಕುರ್ಚಿ ನನ್ನದು. ಭಾವ ನಿಂತಲ್ಲೇ ತೂಕಡಿಸುವುದು, ಕತ್ತಿ ಹಿಡಿದ ಕೈ ತಟ್ಟನೆ ಇಳಿಯುವುದು, ಎಲ್ಲ ನನ್ನ ಕನ್ನಡಿಯಲ್ಲಿ ಕಾಣುತ್ತಿತ್ತು. ಗಿರಾಕಿ ಹಾಯಾಗಿ ಕಣ್ಣು ಮುಚ್ಚಿ ಕುತ್ತಿಗೆ ಒಡ್ಡಿರುತ್ತಿದ್ದ. ನನ್ನ ಜೀವ ಬಾಯಿಗೆ ಬರುತ್ತಿತ್ತು.

ಕೊನೆಗೆ ನಾನೇ ಅವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮ ಒಂದು ರಾತ್ರಿ ಅಲ್ಲೇ ಮಲಗಿಸಿ, ರಕ್ತವನ್ನೂ ತೆಗೆದು ಪರೀಕ್ಷೆ ಮಾಡಿಸಿದರು. ನಿದ್ದೆಯಲ್ಲಿ ಗಂಟಲು ಕಟ್ಟಿ ಉಸಿರು ಮತ್ತೆ ಮತ್ತೆ ನಿಲ್ಲುತ್ತಿದೆಯಂತೆ.

“ಇದರಿಂದ ಹಾರ್ಮೋನೂ ಏರುಪೇರಾಗುತ್ತೆ. ಹಸಿವು ಹುಟ್ಟಿಸೋದು, ಹೊಟ್ಟೆ ತುಂಬಿತು ಅಂತ ಹೇಳೋದು, ಎಲ್ಲ. ಮಾಸ್ಕ್ ಹಾಕ್ಕೊಂಡು ಮಲಗಿ, ಅದಕ್ಕೆ ಜೋಡಿಸಿರೋ ಮಷೀನು ಗಾಳಿ ಒತ್ತಿ ಗಂಟಲು ತೆರೆದಿಡುತ್ತೆ. ಆದ್ರೆ ಮಷೀನು ಹೊಟ್ಟೆ ಕರಗಿಸಲ್ಲ. ಕೆಲವರು ಇನ್ನೂ ಸ್ವಲ್ಪ ದಪ್ಪ ಆಗೋದೂ ಉಂಟು. ಬಾಯಿ ಕಟ್ಟಬೇಕು,” ಎಂದರು.

ಭಾವ ಬಾಯಿ ಕಟ್ಟಿದರು, ಮಾಸ್ಕೂ ಕಟ್ಟಿದರು. ತೂಕಡಿಕೆ ಮಾತ್ರ ಹೋಗಲಿಲ್ಲ. ಮತ್ತೆ ರಕ್ತ ತೆಗೆದು ನೋಡಿದರೆ ಹಾರ್ಮೋನೂ ಇದ್ದ ಹಾಗೇ ಇತ್ತು.

“ರಾತ್ರಿ ಮಾಸ್ಕ್ ತೆಗೀತೀರಾ?” ಎಂದು ಡಾಕ್ಟರಮ್ಮ ಕೇಳಿದರು.

“ಅಯ್ಯೋ, ಬೆಳಿಗ್ಗೆ ಏಳುವಾಗ್ಲೂ ಮೂಗಿನ ಮೇಲೇ ಇರುತ್ತೆ!”

ಪಕ್ಕದಲ್ಲಿದ್ದ ಅಕ್ಕ ಕೈಚೀಲದ ಜಿಪ್ಪು ಎಳೆಯುತ್ತ, ಬಿಡುತ್ತ ಕೂತಿದ್ದಳು.

ಅಂಗಡಿ ತೆರೆಯುವ ಮುಂಚೆ ನಾವಿಬ್ಬರೂ ಒಬ್ಬರಿಗೊಬ್ಬರು ಗಡ್ಡ ಹೆರೆಯುವುದು ರೂಢಿ. ಕತ್ತಿಯ ಹದ ಮೊದಲು ನಮ್ಮ ಮೈಮೇಲೇ ಗೊತ್ತಾಗಲಿ ಎಂದು. ಮರುದಿನ ನಾನು ಕೂತೆ. ಗಂಟಲ ಹತ್ತಿರ ಬಂದ ಕತ್ತಿ ಅಲ್ಲೇ ನಿಂತಿತು. ಆಮೇಲೆ ಅದರ ಮೇಲೆ ಭಾರ ಬೀಳತೊಡಗಿತು. ಕನ್ನಡಿಯಲ್ಲಿ ಭಾವನ ಕಣ್ಣು ಮುಚ್ಚಿತ್ತು. ಕೂಗಿದರೆ ಬೆಚ್ಚುತ್ತಾರೆ, ಬೆಚ್ಚಿದರೆ ನನ್ನ ಕಥೆ ಮುಗಿಯಿತು. ಉಗುಳು ನುಂಗಲೂ ಹೆದರಿಕೆ. ಮೆಲ್ಲಗೆ ಅವರ ಮಣಿಕಟ್ಟು ಹಿಡಿದೆ. ಬೆಚ್ಚಿಯೇಬಿಟ್ಟರು. ಗಾಯ ಸಣ್ಣದು, ಆದರೂ ನೊರೆಯೆಲ್ಲ ಕೆಂಪಾಯಿತು.

ಬಿಸಿನೀರು ತಂದ ಅಕ್ಕ ಅದನ್ನು ಕಂಡು ಕುಸಿದು ಕೂತಳು.

“ಮಾಸ್ಕ್ ನಾನೇ ಕಣೋ ತೆಗೀತಿದ್ದೆ! ಇಷ್ಟು ವರ್ಷ ಗೊರಕೆ ನಿಂತಾಗೆಲ್ಲ ಉಸಿರೂ ನಿಂತಿರ್ತಿತ್ತು. ಈಗ ಮಾಸ್ಕ್ ಹಾಕಿದ್ರೆ ಸದ್ದೇ ಇಲ್ಲ, ಹೋಗೇಬಿಟ್ರು ಅನ್ಸುತ್ತೆ. ಮಾಸ್ಕ್ ಸರಿಸಿ ಗೊರಕೆ ಶುರುವಾದ್ಮೇಲೇ ನಂಗೆ ನಿದ್ದೆ. ಬೆಳಗಾಗೋಕ್ ಮುಂಚೆ ಮತ್ತೆ ಹಾಕ್ಬಿಡ್ತಿದ್ದೆ.”

ನನಗೆ ಸಿಟ್ಟು ನೆತ್ತಿಗೇರಿತು. ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಭಾವ ಕತ್ತಿ ಮಡಚಿಟ್ಟರು. “ಇನ್ನು ಇದನ್ನ ಮುಟ್ಟಲ್ಲ. ನನ್ನ ಕೈಲಿ ಯಾರಾದ್ರೂ ಸಾಯ್ತಾರೆ.”

“ಇನ್ಮೇಲೆ ತೆಗೆಯಲ್ಲ ರೀ,” ಎಂದಳು ಅಕ್ಕ.

ಕೆಲವು ವಾರ ಭಾವ ಕತ್ತರಿಯಲ್ಲೇ ಕಳೆದರು. ತೂಕಡಿಕೆ ಹೋಯಿತು, ಹೊಟ್ಟೆ ಹೋಗಲಿಲ್ಲ. ಒಂದು ಬೆಳಿಗ್ಗೆ ಕತ್ತಿ ಬಿಚ್ಚಿ, “ಕೂತ್ಕೋತೀಯೇನೋ?” ಎಂದು ಕೇಳಿದರು. ಕೂತೆ. ಕುರ್ಚಿಯ ಕೈ ಬಿಗಿಯಾಗಿ ಹಿಡಿದೆ. ಕತ್ತಿ ಎಲ್ಲೂ ನಿಲ್ಲದೆ ಕೆನ್ನೆಯ ಮೇಲೆ ಇಳಿಯಿತು.

ಹಿಂದೆ ಗಿರಾಕಿಗಳ ಬೆಂಚಿನ ಮೇಲೆ ಅಕ್ಕ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದಳು.

“ರಾತ್ರಿಯೆಲ್ಲ ನನ್ನ ಹೊಟ್ಟೆ ಮೇಲೆ ಕೈ ಇಟ್ಕೊಂಡು ಎದ್ದಿರ್ತಾಳೆ,” ಭಾವ ಪಿಸುಗುಟ್ಟಿದರು. “ಏರುತ್ತಾ, ಇಳಿಯುತ್ತಾ ಅಂತ.”

ಅಷ್ಟರಲ್ಲಿ ಅವಳ ಗೊರಕೆ ತಟ್ಟನೆ ನಿಂತಿತು. ಕತ್ತಿ ನನ್ನ ಗಂಟಲ ಮೇಲೇ ನಿಂತಿತು. ಅದು ಮತ್ತೆ ಕೇಳಿಸುವವರೆಗೆ ನಾವಿಬ್ಬರೂ ಉಸಿರಾಡಲಿಲ್ಲ.