ಶಂಕ್ರವ್ವ ಕೇಳಿದ್ದು ಹೊಸ ಗಾದಿಯನ್ನಲ್ಲ

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷದ ಮಾತು. ಗದಗಿನಲ್ಲಿ ನಾನು ಗಾದಿ ಅಂಗಡಿ ಇಟ್ಟು ಆಗ ಹನ್ನೆರಡು ವರ್ಷ ತುಂಬಿತ್ತು. ಮುಂದೆ ಮೂವತ್ತು ಅಡಿ ಉದ್ದದ ಶೋರೂಮು, ಹಿಂದೆ ತಗಡಿನ ಗೋದಾಮು. ಬೋರ್ಡಿನ ಮೇಲೆ ನನ್ನ ಹೆಸರಿನ ಕೆಳಗೆ ‘ಸ್ಲೀಪ್ ಎಕ್ಸ್‌ಪರ್ಟ್’ ಎಂದು ದೊಡ್ಡದಾಗಿ ಬರೆಸಿದ್ದೆ. ಕಂಪನಿಯೊಂದು ಹುಬ್ಬಳ್ಳಿಯ ಹೋಟೆಲಿನಲ್ಲಿ ಎರಡು ದಿನ ತರಬೇತಿ ಕೊಟ್ಟು, ಊಟ ಹಾಕಿ, ಕೈಗೊಂದು ಸರ್ಟಿಫಿಕೇಟು ಇಟ್ಟು ಕಳಿಸಿತ್ತು. ಅದಕ್ಕೆ ಕಟ್ಟು ಹಾಕಿಸಿ ನನ್ನ ಕುರ್ಚಿಯ ಹಿಂದೆ ತೂಗುಹಾಕಿದ್ದೆ. ದಿನಾ ಮುಂಜಾನೆ ಅದರ ಧೂಳು ಒರೆಸುತ್ತಿದ್ದೆ ಎಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನಮ್ಮದು ಲಕ್ಷ್ಮೇಶ್ವರದ ನದಾಫರ ಮನೆ. ಹತ್ತಿ ಹಿಂಜಿ ಗಾದಿ ಹೊಲಿಯುವುದು ಅಜ್ಜ ಮುತ್ತಜ್ಜರಿಂದ ಬಂದ ಕಸುಬು. ಅಪ್ಪ ಶಿರಹಟ್ಟಿಯಿಂದ ಬೆಟಗೇರಿಯವರೆಗೆ ತಿರುಗಿ ಗಿರಾಕಿಗಳ ಅಂಗಳದಲ್ಲೇ ಕುಳಿತು ಕೆಲಸ ಮಾಡುತ್ತಿದ್ದ. ಅವನದೊಂದು ಪದ್ಧತಿಯಿತ್ತು. ಗಾದಿ ಯಾರಿಗೆ ಬೇಕೋ ಅವರು ಮೊದಲು ಬರಿಯ ನೆಲದ ಮೇಲೆ ಮಲಗಬೇಕು. ಹೆಂಗಸರಾದರೆ ಒಳಮನೆಯಲ್ಲಿ ಮಲಗುವರು. ಸೊಂಟಕ್ಕೂ ನೆಲಕ್ಕೂ ನಡುವೆ ಎಷ್ಟು ಬೆರಳು ತೂರುತ್ತವೆ ಎಂದು ಮನೆಯವರು ನೋಡಿ ಬಂದು ಅಪ್ಪನಿಗೆ ಹೇಳುವರು. ಎರಡು ಬೆರಳಾದರೆ ಒಂದು ಹದ, ನಾಲ್ಕು ಬೆರಳಾದರೆ ಇನ್ನೊಂದು. ಅದಕ್ಕೆ ತಕ್ಕಂತೆ ಸೊಂಟ ಬರುವಲ್ಲಿ ಹಿಡಿ ಎರಡು ಹಿಡಿ ಅರಳೆ ಹೆಚ್ಚು ಹಾಕಿ ದಬ್ಬಣದಿಂದ ಬಿಗಿಯಾಗಿ ಟಾಕಿ ಹೊಲಿಗೆ ಹಾಕುತ್ತಿದ್ದ. ಎರಡು ಮೂರು ವರ್ಷಕ್ಕೊಮ್ಮೆ ಹತ್ತಿ ಗಂಟುಗಟ್ಟಿದಾಗ ಬಿಚ್ಚಿ, ಹಿಂಜಿ, ಮತ್ತೆ ಹೊಲಿದು ಕೊಡುವುದೂ ಅವನದೇ ಕೆಲಸ. ಅವನು ತೀರಿದ ಮೇಲೆ ನಾನು ಅವನ ಹತ್ತಿ ಹಿಂಜುವ ಮಷಿನ್ನಿಗೆ ತಾಡಪತ್ರಿ ಹೊದಿಸಿ ಗೋದಾಮಿನ ಮೂಲೆಗೆ ನೂಕಿದೆ. ಫೋಮು ಮಾರುವವನಿಗೆ ಮೂಗಿನ ತುಂಬ ಹತ್ತಿಯ ಧೂಳು ಯಾಕೆ ಬೇಕು?

ಇಲ್ಲಿ ನಮ್ಮ ವ್ಯಾಪಾರದ ಒಂದು ಗುಟ್ಟನ್ನು ಹೇಳಬೇಕು. ಗಾದಿ ಕೊಳ್ಳುವವರು ಅದರ ಮೇಲೆ ಹತ್ತು ನಿಮಿಷವಾದರೂ, ತಾವು ಮನೆಯಲ್ಲಿ ಮಲಗುವ ಮಗ್ಗುಲಿಗೇ ಮಲಗಿ ನೋಡಬೇಕು. ತರಬೇತಿಯಲ್ಲಿ ಹೇಳಿಕೊಟ್ಟ ಮೊದಲ ಪಾಠವೇ ಅದು. ಆದರೆ ನಮ್ಮ ಕಡೆ ಅಂಗಡಿಯಲ್ಲಿ ಮಲಗುವವರು ಯಾರು? ಗಂಡಸರು ಅಂಚಿಗೆ ಕುಳಿತು ಎರಡು ಸಲ ಪುಟಿದು ಏಳುತ್ತಾರೆ. ಹೆಂಗಸರಂತೂ ನಿಂತಲ್ಲಿಂದಲೇ ಅಂಗೈ ಊರಿ ಒತ್ತುತ್ತಾರೆ, ಅಷ್ಟೆ. ನಾಲ್ಕು ಮಂದಿಯ ಎದುರು ಸೀರೆ ಉಟ್ಟವರು ಮಲಗುವುದೆಂದರೆ ಮರ್ಯಾದೆಯ ಪ್ರಶ್ನೆ. ಅಂಗೈಗೆ ಯಾವಾಗಲೂ ಮೆತ್ತಗಿನದೇ ಚೆಂದ. ಮೈಯ ಪೂರ್ತಿ ಭಾರ ಬಿದ್ದು, ಟೊಂಕದ ಭಾಗ ಕುಸಿದು, ಬೆನ್ನು ಬಿಲ್ಲಾದಾಗಲೇ ಅದರ ಬಣ್ಣ ಬಯಲಾಗುವುದು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ನಾನು ಅಂಗೈಗಳಿಗೆ ಗಾದಿ ಮಾರುತ್ತಿದ್ದೆ.

ಮದುವೆಯ ಹಂಗಾಮು. ಒಂದು ಮಧ್ಯಾಹ್ನ ಮುಂಡರಗಿಯ ಮದುವೆ ಮನೆಯವರು ಟೆಂಪೋ ತಂದು ನಿಲ್ಲಿಸಿ, ಹನ್ನೆರಡು ಗಾದಿ ಹೇರಿಸುತ್ತ, ‘ಸಾಹೇಬ್ರ, ಜಲ್ದಿ ಮಾಡ್ರಿ, ಮುಹೂರ್ತ ನಮಗ ಕಾಯೂದಿಲ್ಲ’ ಎಂದು ತಲೆ ತಿನ್ನುತ್ತಿದ್ದರು. ಆಗ ಬೆಟಗೇರಿಯ ಶಂಕ್ರವ್ವ ಗಂಡ ಈರಪ್ಪನ ಜೊತೆ ಮೆಲ್ಲಗೆ ಮೆಟ್ಟಿಲು ಹತ್ತಿ ಬಂದಳು. ಇಬ್ಬರೂ ನೇಕಾರರು. ಈರಪ್ಪ ಕಣ್ಣು ಮಂಜಾದ ಮೇಲೆ ನೇಯುವುದು ಬಿಟ್ಟಿದ್ದ. ಶಂಕ್ರವ್ವ ಮಾತ್ರ ಅರವತ್ತರ ಹತ್ತಿರ ಬಂದರೂ ಕುಣಿಮಗ್ಗ ಬಿಟ್ಟಿರಲಿಲ್ಲ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅಂಚಿನಲ್ಲಿ ಕುಳಿತು ನೇಯುವ ಮಗ್ಗ ಅದು. ಅಪ್ಪ ಅವರ ಮನೆಗೆ ಹೋಗಿಬರುತ್ತಿದ್ದ ಬಳಕೆಯಿಂದ ಆಕೆ ನನ್ನನ್ನು ತಮ್ಮಾ ಎನ್ನುತ್ತಿದ್ದಳು, ನಾನು ಅಕ್ಕಾರ ಎನ್ನುತ್ತಿದ್ದೆ.

‘ತಮ್ಮಾ, ನಿಮ್ಮಪ್ಪ ಹೊಲದು ಕೊಟ್ಟಿದ್ದ ಗಾದಿ ಈಗ ಕಲ್ಲಾಗೇತಿ. ಬೆಳಗಾದ್ರ ಸೊಂಟ ಹಿಡಕೊಂಡ ಬಿಡತೈತಿ. ಅದನ್ನ ಹಿಂಜಿ ಕೊಡಾಕ ಆಗತೈತೇನೋ?’ ಎಂದಳು.

ಆ ಗಾದಿಯ ಹತ್ತಿ ಆಕೆಯ ತವರು ಕುರ್ತಕೋಟಿಯದು. ಚೊಚ್ಚಲ ಬಾಣಂತನ ಮುಗಿಸಿ ಗಂಡನ ಮನೆಗೆ ಬರುವಾಗ ಆಕೆಯ ಅಪ್ಪ ತನ್ನ ಹೊಲದ ಹತ್ತಿಯನ್ನು ಚೀಲ ತುಂಬಿ ಕಳಿಸಿದ್ದನಂತೆ. ಹಿಂಜಿ ಹೊಲಿದರೆ ಅದು ಮತ್ತೆ ಹೊಸದರಂತೆ ಆಗುತ್ತಿತ್ತು. ಆಕೆಯ ಬೆನ್ನಿಗೂ ಅದೇ ಸರಿ, ಖರ್ಚೂ ಹೊಸ ಗಾದಿಯ ಹತ್ತರಲ್ಲಿ ಒಂದು ಪಾಲೂ ಬೀಳುತ್ತಿರಲಿಲ್ಲ. ಇಷ್ಟನ್ನೂ ಬಲ್ಲ ನಾನು ಹೇಳಿದ್ದೇನು?

‘ಅಯ್ಯ, ಈಗ ಯಾರ್ರಿ ಅಕ್ಕಾರ ಹಿಂಜತಾರ? ಆ ಕಾಲ ಹೋತು. ಹೊಸಾದು ಒಯ್ರಿ, ಹಳೇದನ್ನ ನಾನ ತಗೋತೇನಿ.’

‘ಹಂಗಾರ ಚೊಲೋದು ನೋಡಿ ಕೊಡಪಾ. ಭಾಳ ತುಟ್ಟಿ ಬ್ಯಾಡ, ಮೈಗೆ ಆರಾಮ ಆದ್ರ ಸಾಕು. ಕುಣ್ಯಾಗ ಇಳದು ಕುಂಡ್ರೂ ಹಂಗ ಆಗಬೇಕು ನೋಡು, ಅಷ್ಟ ನನಗ.’

ಆಕೆಗೆ ಬೇಕಾದದ್ದು ಇಷ್ಟೇ, ಮಗ್ಗಕ್ಕೆ ಇಳಿಯಲು ಒಂದು ಸೊಂಟ. ನಾನು ತೋರಿಸಿದ್ದು ಎಂಟು ತಿಂಗಳಿಂದ ಮೂಲೆ ಹಿಡಿದಿದ್ದ ಎಂಟು ಇಂಚಿನ ಮೆತ್ತನೆಯ ಫೋಮು. ಫೋಮಿನ ಗುಣ ಅಳೆಯಲು ಡೆನ್ಸಿಟಿ ಎಂಬ ಲೆಕ್ಕವಿದೆ. ಸುಲಭವಾಗಿ ಹೇಳುವುದಾದರೆ ಅದರೊಳಗೆ ಮಾಲು ಎಷ್ಟು, ಗಾಳಿ ಎಷ್ಟು ಎಂಬ ಲೆಕ್ಕ. ದಿನಾ ಮಲಗುವ ಗಾದಿಗೆ ಮೂವತ್ತೆರಡಾದರೂ ಇರಲಿ ಎನ್ನುವುದು ನಮ್ಮ ಧಂದೆಯವರ ಮಾತು. ಇದು ಇಪ್ಪತ್ತಮೂರರದು. ಮೇಲಿನ ಬಟ್ಟೆಯ ಮೇಲೆ ಮಾತ್ರ ‘ಆರ್ಥೋ’, ಅಂದರೆ ಬೆನ್ನುಮೂಳೆಗೆ ಒಳ್ಳೆಯದು, ಎಂಬ ದಾರದ ಅಕ್ಷರಗಳಿದ್ದವು. ಆ ಅಕ್ಷರಗಳನ್ನು ಯಾರು ಬೇಕಾದರೂ ಹೊಲಿಸಬಹುದು. ನಾನು ಅವುಗಳ ಮೇಲೆ ಬೆರಳಿಟ್ಟು, ‘ಡಾಕ್ಟರ್ ಮಂದಿನ ಇಂಥಾದ್ದು ಹೇಳತಾರ್ರಿ’ ಎಂದೆ.

ಶಂಕ್ರವ್ವ ಅಂಗೈ ಊರಿ ಒತ್ತಿದಳು. ಕೈ ತೆಗೆದು ಗಾದಿ ಮೇಲೆದ್ದು ಬರುವುದನ್ನು ನೋಡಿದಳು. ಮತ್ತೊಮ್ಮೆ ಒತ್ತಿದಳು. ಆಮೇಲೆ ನನ್ನ ಮುಖ ನೋಡಿದಳು. ಒಳಗೆ ಪರದೆ ಕಟ್ಟಿ ಮಲಗಿಸಿ ನೋಡಬಹುದಿತ್ತು; ನನ್ನ ಹೆಂಡತಿ ಬೀಬಿಜಾನ ಅಂದು ಅಂಗಡಿಯಲ್ಲೇ ಇದ್ದಳು. ಆದರೆ ಹೊರಗೆ ಟೆಂಪೋದವನು ಹಾರ್ನು ಬಾರಿಸುತ್ತಿದ್ದ.

‘ಆತು ತಗೋ, ನೀ ಅಂದ್ಮ್ಯಾಲ ಮುಗೀತು’ ಎಂದಳು ಶಂಕ್ರವ್ವ. ಸಂಜೆ ನಮ್ಮ ಗಾಡಿ ಹೊಸ ಗಾದಿ ಇಳಿಸಿ ಹಳೆಯದನ್ನು ತಂದಿತು. ಮರುವಾರ ಅದರ ಹತ್ತಿಯನ್ನು ಬಿಚ್ಚಿ ಹುಬ್ಬಳ್ಳಿಯ ತಲೆದಿಂಬಿನವನಿಗೆ ಉಳಿದ ಹಳೆ ಹತ್ತಿಯ ಜೊತೆ ಕೊಟ್ಟುಬಿಟ್ಟೆ.

ಮೂರು ವಾರ ಕಳೆದಿರಬೇಕು, ಈರಪ್ಪ ಒಬ್ಬನೇ ಬಂದ. ಜಗಳಕ್ಕೆ ಬಂದನೆಂದು ನಾನು ಮೊದಲೇ ಮುಖ ಬಿಗಿದುಕೊಂಡೆ. ಅವನು ತಗ್ಗಿದ ದನಿಯಲ್ಲಿ, ‘ತಮ್ಮಾ, ಗಾದಿ ಹಾಸೂದರಾಗ ನಾವ ಏನರ ತಪ್ಪ ಮಾಡಾಕತ್ತೇವೇನು? ಆಕಿಗೆ ಎದ್ದು ಕುಂಡ್ರಾಕ ಆಗವಲ್ದು. ಹಿಂದ ಮುಂದ ಮಾಡಿ ಹಾಸಬೇಕೇನು?’ ಎಂದು ಕೇಳಿದ.

ಅವರು ತಪ್ಪನ್ನು ತಮ್ಮಲ್ಲಿ ಹುಡುಕುತ್ತಿದ್ದರು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ‘ಹೊಸಾದಲ್ರಿ ಮಾಮಾ, ಮೈಗೆ ಹೊಂದಾಕ ಒಂದ ತಿಂಗಳರ ಬೇಕು’ ಎಂದುಬಿಟ್ಟೆ. ನಮ್ಮ ಧಂದೆಯಲ್ಲಿ ಎಲ್ಲರೂ ಹೇಳುವ ಮಾತು ಅದು. ಒಂದು ತಿಂಗಳಾಗುವಷ್ಟರಲ್ಲಿ ಗಿರಾಕಿಗೆ ನೋವು ರೂಢಿಯಾಗಿರುತ್ತದೆ ಎಂಬುದೇ ಅದರ ಒಳಅರ್ಥ. ಅವನು ನನಗೇ ಥ್ಯಾಂಕ್ಸ್ ಹೇಳಿ ಹೋದ! ಮೊದಲನೆಯ ಸಲ ಅವಸರವಿತ್ತು ಎಂದು ಹೇಳಿಕೊಳ್ಳಬಹುದು. ಈ ಎರಡನೆಯ ಸಲಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ.

ದಸರೆಯ ಹತ್ತಿರ ಬೆಟಗೇರಿಯ ಅದೇ ಓಣಿಗೆ ಮಂಚವೊಂದನ್ನು ಇಳಿಸಲು ಹೋಗಿದ್ದೆ. ಮಗ್ಗಗಳ ಸದ್ದು ಈಗ ಆ ಓಣಿಯಲ್ಲಿ ಎಲ್ಲೋ ಒಂದೆರಡು ಮನೆಯಲ್ಲಿ. ಶಂಕ್ರವ್ವನ ಮನೆಯಿಂದ ಸದ್ದು ಕೇಳಲಿಲ್ಲ. ಬಾಗಿಲಲ್ಲಿ ಇಣುಕಿದರೆ, ನಾನು ಕೊಟ್ಟ ಗಾದಿ ಗೋಡೆಗೆ ಆನಿಸಿ ನಿಂತಿತ್ತು. ನೆಲದಲ್ಲಿ ಚಾಪೆಯ ಮೇಲೆ ಆಕೆ ಮಗ್ಗುಲಾಗಿ ಮಲಗಿದ್ದಳು. ಎದುರಿಗೆ ಮಗ್ಗ. ಅದರ ಮೇಲೆ ಕೆಂಪು ಅಂಚಿನ ಸೀರೆ ಅರ್ಧ ನೇಯ್ದದ್ದು ಹಾಗೆಯೇ ನಿಂತಿತ್ತು. ಎರಡು ತಿಂಗಳಿಂದ ಆಕೆ ಕುಣಿಗೆ ಇಳಿದಿಲ್ಲ ಎಂದ ಈರಪ್ಪ.

‘ಬಾರೋ ತಮ್ಮಾ. ಕುಂಡ್ರು. ಚಾ ಮಾಡ್ತೇನಿ’ ಎನ್ನುತ್ತ ಏಳಲು ಹೋದ ಶಂಕ್ರವ್ವ ಏಳಲಾರದೆ ಮತ್ತೆ ಒರಗಿದಳು. ‘ನಿನ್ನ ಗಾದಿ ಚೊಲೋ ಐತೋ. ನನ್ನ ಮೈನ ಸುಖ ಪಡದ ಬಂದಿಲ್ಲ ನೋಡು’ ಎಂದು ನಕ್ಕಳು.

ನಾನು ಚಹಾ ಕುಡಿಯಲಿಲ್ಲ. ಏನೋ ಕೆಲಸವಿದೆ ಎಂದು ಹೇಳಿ ಹೊರಬಿದ್ದೆ. ನಲವತ್ತು ವರ್ಷ ಮಗ್ಗದ ಮೇಲೆ ಬಾಗಿದ ಬೆನ್ನು ಅದು, ಗಾದಿಯೊಂದರಿಂದಲೇ ಹೀಗಾಯಿತೆಂದು ಯಾವ ಡಾಕ್ಟರರೂ ಹೇಳಲಾರರು. ದಾರಿಯುದ್ದಕ್ಕೂ ಆ ಮಾತಿನ ಹಿಂದೆ ಅಡಗಲು ನೋಡಿದೆ. ಮನೆಗೆ ಬಂದು ಬೀಬಿಜಾನಳಿಗೆ ಎಲ್ಲ ಹೇಳಿದೆ. ಆಕೆ ಒಲೆಯ ಮುಂದಿಂದ ತಿರುಗಿ ನೋಡಿ, ‘ಆಕಿ ಹಿಂಜಿ ಕೊಡಂತ ಕೇಳಾಕ ಬಂದಿದ್ಲು. ನೀವು ಬ್ಯಾಡಾದ ಮಾಲು ಆಕಿ ಬೆನ್ನಿಗೆ ಕಟ್ಟಿ ಕಳಿಸಿದ್ರಿ. ಬೋರ್ಡಿನ ಮ್ಯಾಲ ಏನ್ ಬರಸೀರಲ್ಲ, ಅದನ್ನ ಮದ್ಲ ಅಳಸ್ರಿ’ ಎಂದಳು.

ಮರುದಿನ ಬೀಬಿಜಾನ ಬೆಟಗೇರಿಗೆ ಹೋಗಿ ಶಂಕ್ರವ್ವನನ್ನು ನೆಲದ ಮೇಲೆ ಮಲಗಿಸಿ ಬೆರಳು ತೂರಿಸಿ ನೋಡಿಕೊಂಡು ಬಂದಳು. ನಾಲ್ಕು ಬೆರಳು. ನಾನು ತಾಡಪತ್ರಿ ತೆಗೆದೆ. ಮಷಿನ್ನಿನ ಬೆಲ್ಟು ಇಲಿ ಕಡಿದಿತ್ತು, ಹಲ್ಲುಗಳಿಗೆ ತುಕ್ಕು. ರಿಪೇರಿಗೇ ಆರು ದಿನ ಹಿಡಿಯಿತು. ತಲೆದಿಂಬಿನವನಿಗೆ ಫೋನು ಮಾಡಿದರೆ, ‘ಯಾವ ಹತ್ತಿ ಯಾವ ದಿಂಬಿನ್ಯಾಗ ಹೋತು ಅಂತ ಹೆಂಗ ಹೇಳ್ಲಿ ಮಾರಾಯ?’ ಎಂದು ನಕ್ಕ. ಆಕೆಯ ಅಪ್ಪ ಕಳಿಸಿದ್ದ ಹತ್ತಿ ಹೋಗೇ ಹೋಯಿತು. ಕುರ್ತಕೋಟಿಗೆ ಹೋಗಿ, ಅಲ್ಲಿಯ ಹೊಲದವರೊಬ್ಬರ ಮನೆಯಲ್ಲಿ ಉಳಿದಿದ್ದ ಹಿಂದಿನ ಸುಗ್ಗಿಯ ಹತ್ತಿ ತಂದು, ಬೀಜ ಬಿಡಿಸಿ, ಹನ್ನೆರಡು ಕಿಲೋ ಅರಳೆ ಹಿಂಜಿದೆ. ಆರು ಅಡಿಗೆ ಮೂರು ಅಡಿಯ ಗಾದಿ. ದಬ್ಬಣ ಹಿಡಿದು ಎಷ್ಟೋ ವರ್ಷವಾಗಿದ್ದ ಬೆರಳುಗಳು ಎರಡೇ ದಿನಕ್ಕೆ ಬೊಬ್ಬೆ ಎದ್ದವು. ನೋಯಲಿ ಅನ್ನಿಸಿತು.

ಹತ್ತನೆಯ ದಿನ ಗಾದಿ ಹೊತ್ತು ಅವರ ಮನೆಗೆ ಹೋದೆ. ಹೊಸ್ತಿಲು ದಾಟಿದವನು ಅಲ್ಲೇ ನಿಂತೆ. ಮಗ್ಗ ಇರಲಿಲ್ಲ. ಕುಣಿಯೂ ಇರಲಿಲ್ಲ. ಅದಿದ್ದ ಜಾಗದಲ್ಲಿ ಹಸಿ ಮಣ್ಣು ತುಂಬಿ, ಸಗಣಿ ಸಾರಿಸಿ ಸಮ ಮಾಡಿದ್ದರು.

ನೂಲು ಕೊಟ್ಟವರು ಕಾದು ಕಾದು, ನೇಯ್ದದ್ದನ್ನೂ ನೇಯದೆ ಉಳಿದ ಎಳೆಯನ್ನೂ ಕತ್ತರಿಸಿ, ಮಗ್ಗವನ್ನೂ ಬಿಚ್ಚಿ ಒಯ್ದರಂತೆ. ‘ನಾಕ ದಿನ ಆತು. ಬರೇ ಕುಣಿ ಇಟ್ಕೊಂಡು ಏನ್ ಮಾಡೂದು, ಈ ಮಂಜುಗಣ್ಣಾವ ಎಲ್ಲೆರ ಬಿದ್ದಾನು ಅಂತ ನಾನ ಮುಚ್ಚಸಿದೆ’ ಎಂದಳು ಶಂಕ್ರವ್ವ, ಗಂಡನ ಕಡೆ ನೋಡಿ. ಆಮೇಲೆ ಆ ಹಸಿ ಜಾಗವನ್ನೇ ತೋರಿಸಿ, ‘ಅಲ್ಲೇ ಹಾಸಪಾ. ನಲವತ್ತ ವರ್ಷ ಕುಂತ ಜಾಗಾ. ಅಲ್ಲೇ ನಿದ್ದಿ ಬರತೈತಿ’ ಎಂದಳು.

ನಾನು ಹಾಸಿದೆ. ಆಕೆ ಗೋಡೆ ಹಿಡಿದು ಬಂದು, ಕುಳಿತು, ಮಲಗಿದಳು. ನಾನು ಮುಖ ತಿರುಗಿಸಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಉಸ್ಸೆಂದು ಉಸಿರು ಬಿಟ್ಟದ್ದು ಕೇಳಿಸಿತು. ‘ಆರಾಮ ಅನಸ್ತೈತಿ’ ಎಂದಳು. ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ.

‘ಅಕ್ಕಾರ, ತಪ್ಪ ನಂದು. ಹಳೇದನ್ನ ಹಿಂಜಿ ಕೊಟ್ಟಿದ್ರ ಸಾಕಾಗತಿತ್ತು. ನಿಮಗ ಕೊಟ್ಟಿದ್ದು ಹಗರ ಮಾಲು. ಗೊತ್ತಿದ್ದ ಕೊಟ್ಟೆ.’

ಶಂಕ್ರವ್ವ ಮಲಗಿದಲ್ಲಿಂದಲೇ ತನ್ನ ಬಲಗೈಯನ್ನು ಎತ್ತಿ ಹಿಡಿದಳು. ಎಳೆ ಹಿಡಿದು ಹಿಡಿದು ಬೆರಳ ತುದಿಗಳು ನುಣ್ಣಗಾಗಿದ್ದವು.

‘ನನಗೂ ಗೊತ್ತಿತ್ತೋ ತಮ್ಮಾ. ಈ ಕೈ ನೂಲು ಮುಟ್ಟಿದ್ರ ಅದು ಎಷ್ಟ ದಿನ ಬಾಳತೈತಿ ಅಂತ ಹೇಳತೈತಿ. ಅವತ್ತ ಒತ್ತಿದ ಕೂಡಲೇ ಇದರಾಗ ಜೀವ ಇಲ್ಲ ಅಂತು. ಆದ್ರ ಎದುರಿಗೆ ನಿಂತಾವ ನಿಮ್ಮಪ್ಪನಂಥಾ ಮನಷ್ಯಾನ ಮಗಾ. ಇವ ಸುಳ್ಳ ಹೇಳೂದಿಲ್ಲ, ನನ್ನ ಕೈನ ತಪ್ಪಿರಬೇಕು ಅಂತ ತಿಳಕೊಂಡೆ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಬೈಯಲಿಲ್ಲ. ಗೋಡೆಗೆ ಆನಿಸಿದ್ದ ಫೋಮಿನ ಗಾದಿಯನ್ನು ನಾನೇ ಹೊತ್ತು ಹೊರಗೆ ತಂದೆ, ಅವರು ಕೊಟ್ಟಿದ್ದ ಹಣವನ್ನು ಈರಪ್ಪನ ಕೈಗಿಟ್ಟೆ. ಶಂಕ್ರವ್ವ ಚೇತರಿಸಿಕೊಂಡು ಈಗ ಮನೆಗೆಲಸ ಮಾಡಿಕೊಳ್ಳುತ್ತಾಳೆ, ಓಣಿಯ ತುದಿಯವರೆಗೆ ನಡೆಯುತ್ತಾಳೆ. ಮಗ್ಗಕ್ಕೆ ಮಾತ್ರ ಮತ್ತೆ ಇಳಿಯಲಿಲ್ಲ. ಎರಡು ವರ್ಷಕ್ಕೊಮ್ಮೆ ನಾನೇ ಹೋಗಿ ಆ ಗಾದಿಯನ್ನು ಹಿಂಜಿ ಹೊಲಿದು ಬರುತ್ತೇನೆ. ಕೆಳಗಿನ ಮಣ್ಣು ಈಗ ಉಳಿದ ನೆಲದಂತೆಯೇ ಗಟ್ಟಿಯಾಗಿದೆ. ಎಲ್ಲಿ ಕುಣಿ ಇತ್ತೆಂದು ಹೊಸಬರಿಗೆ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗುತ್ತದೆ.

ಬೋರ್ಡಿನಿಂದ ‘ಸ್ಲೀಪ್ ಎಕ್ಸ್‌ಪರ್ಟ್’ ಅಳಿಸಿದೆ. ಶೋರೂಮಿನ ಒಂದು ಮೂಲೆಗೆ ದಪ್ಪ ಪರದೆ ಕಟ್ಟಿಸಿ, ಒಳಗೊಂದು ಗಡಿಯಾರ ತೂಗುಹಾಕಿದ್ದೇನೆ. ಹೆಂಗಸರು ಬಂದರೆ ಬೀಬಿಜಾನ ಒಳಗೆ ಕರೆದೊಯ್ಯುತ್ತಾಳೆ. ಹತ್ತು ನಿಮಿಷ ಮಲಗದವರಿಗೆ ಗಾದಿ ಕೊಡುವುದಿಲ್ಲ. ಅದಕ್ಕೂ ಮೊದಲು, ಮನೆಯಲ್ಲಿ ಈಗ ಏನಿದೆ, ಅದನ್ನೇ ಹಿಂಜಿದರೆ ಆಗುತ್ತದೆಯೇ ಎಂದು ಕೇಳುತ್ತೇನೆ. ಪಕ್ಕದ ಅಂಗಡಿಯವರು ನಗುತ್ತಾರೆ, ಕೆಲವು ಗಿರಾಕಿಗಳು ಸಿಟ್ಟಾಗಿ ಎದ್ದು ಹೋಗುತ್ತಾರೆ. ಹೋಗಲಿ. ಈಗಲೂ ಯಾರಾದರೂ ಅಂಗೈ ಊರಿ ಗಾದಿ ಒತ್ತಿ, ಏನು ಹೇಳುತ್ತಾನೋ ಎಂದು ನನ್ನ ಕಡೆ ತಿರುಗಿದರೆ ಪರದೆಯ ಕಡೆ ಕೈ ತೋರಿಸುತ್ತೇನೆ.

‘ನನ್ನ ಮಾರಿ ನೋಡಬ್ಯಾಡ್ರಿ’ ಎನ್ನುತ್ತೇನೆ. ‘ಒಳಗ ಹೋಗಿ ಮಲಗಿ ನೋಡ್ರಿ.’